ಮುಚ್ಚಳ ಒರೆಸೋದು ನಿಲ್ಲಿಸಿ ಸ್ವಾಮಿ!

ಮನೆಯಲ್ಲೇ ಅಣಬೆಯ ಕಲ್ಚರ್ ಮಾಡಿಕೊಳ್ಳೋಣ ಅಂತ ಹೊರಟವರಿಗೆ ಮೊದಲು ಎದುರಾಗೋ ಶತ್ರು ಬೂಷ್ಟು ಅಂದ್ಕೊಂಡಿದ್ದೀರಾ? ಅಲ್ಲ, ನೀರು. ಅಗರ್ ಕಾಯಿಸಿ, ಪೆಟ್ರಿ ತಟ್ಟೆಗೆ ಸುರಿದು, ಮುಚ್ಚಿಟ್ಟು ಹತ್ತು ನಿಮಿಷ ಬಿಟ್ಟು ಬಂದು ನೋಡಿ. ಮುಚ್ಚಳದ ಒಳಮೈಯೆಲ್ಲ ಬೆವೆತಿರುತ್ತದೆ. ಒಳಗೇನಿದೆ ಅಂತ ಕಾಣೋದೇ ಇಲ್ಲ. ಸ್ವಲ್ಪ ಅಲುಗಾಡಿಸಿದರೆ ಹನಿಗಳು ಒಂದಕ್ಕೊಂದು ಸೇರಿಕೊಂಡು ಅಗರ್ ಮೇಲೆ ತೊಟ್ಟಿಕ್ಕುತ್ತವೆ.

ಇದಕ್ಕೆ ಹವ್ಯಾಸಿಗಳ ನಡುವೆ ಒಂದು ಮನೆಮದ್ದು ಬಾಯಿಂದ ಬಾಯಿಗೆ ಓಡಾಡ್ತಾ ಇದೆ. "ಮುಚ್ಚಳ ಸ್ವಲ್ಪ ಸರಿಸಿಡಿ, ಆರತ್ತೆ. ಆರಲಿಲ್ವಾ, ಸ್ಪಿರಿಟ್ ಹಚ್ಚಿದ ಹತ್ತಿಯಲ್ಲಿ ಒರೆಸಿಬಿಡಿ." ಹೇಳುವವರು ಎಷ್ಟು ಆತ್ಮವಿಶ್ವಾಸದಿಂದ ಹೇಳ್ತಾರೆ ಅಂದ್ರೆ, ಕೇಳುವವರಿಗೆ ಅನುಮಾನವೇ ಬರೋದಿಲ್ಲ. ನನ್ನ ತಕರಾರು ಈ ಸಲಹೆಯ ಮೇಲೆ. ಇದು ಅರೆಬರೆ ಸಲಹೆ ಅಲ್ಲ, ಪೂರ್ತಿ ಉಲ್ಟಾ ಸಲಹೆ. ನೆಗಡಿ ಬಂತು ಅಂತ ಮೂಗು ಕೊಯ್ಯೋದು ಅಂತಾರಲ್ಲ, ಆ ಜಾತಿಯದ್ದು.

ಮೊದಲು ನೀರಿಂದ ಏನು ನಷ್ಟ ಅಂತ ನೋಡೋಣ. ಗಟ್ಟಿ ಅಗರ್ ಮೇಲೆ ಬೆಳೆಸೋದರ ಲಾಭವೇ ಬಿದ್ದದ್ದು ಬಿದ್ದಲ್ಲೇ ಇರುತ್ತದೆ ಅನ್ನೋದು. ಗಾಳಿಯಿಂದ ಒಂದು ಬೂಷ್ಟಿನ ಬೀಜಾಣು ಬಂದು ಒಂದು ಮೂಲೆಯಲ್ಲಿ ಕೂತಿತು ಅಂದ್ಕೊಳ್ಳಿ. ಅಲ್ಲೊಂದು ಹಸಿರು ಚುಕ್ಕೆ ಏಳುತ್ತದೆ. ನೀವು ಅದರಿಂದ ದೂರ, ಇನ್ನೊಂದು ಅಂಚಿನಲ್ಲಿ ಬೆಳ್ಳಗೆ ಹಬ್ಬಿರುವ ಅಣಬೆಯ ಎಳೆಯನ್ನು ಅಕ್ಕಿಕಾಳಿನಷ್ಟು ಕತ್ತರಿಸಿ ಹೊಸ ತಟ್ಟೆಗೆ ಹಾಕಿದರೆ ಕಲ್ಚರ್ ಬಚಾವ್. ಅದೇ ಮೇಲ್ಮೈ ತೇವವಾಗಿದ್ದರೆ? ಒಂದು ಹನಿ ಉರುಳಿಕೊಂಡು ಹೋದರೆ ಬೀಜಾಣುಗಳು ಅದರ ಜೊತೆಗೇ ಸವಾರಿ ಹೊರಡುತ್ತವೆ. ಬ್ಯಾಕ್ಟೀರಿಯಾಗಳಂತೂ ಆ ತೆಳು ನೀರಿನ ಪದರದಲ್ಲಿ ಈಜಿಕೊಂಡು ಅಣಬೆಯ ಎಳೆಗಳ ಬುಡಕ್ಕೇ ಸೇರಿಕೊಳ್ಳುತ್ತವೆ. ಆಮೇಲೆ ಎಲ್ಲಿ ಕತ್ತರಿಸಿದರೂ ಅವೂ ಜೊತೆಗೆ ಬರುತ್ತವೆ. ಅಲ್ಲಿಂದ ಜೋಳದ ಕಾಳಿಗೆ, ಕಾಳಿನಿಂದ ಹುಲ್ಲಿನ ಚೀಲಕ್ಕೆ. ಮೂರು ವಾರ ಕಳೆದು ಚೀಲ ಹುಳಿ ವಾಸನೆ ಹೊಡೆದಾಗ ಬೈಸಿಕೊಳ್ಳೋದು ಹುಲ್ಲು!

ಅಂದಮೇಲೆ ನೀರು ಹೋಗಬೇಕು, ಅದರಲ್ಲಿ ಜಗಳ ಇಲ್ಲ. ಜಗಳ ಇರೋದು ಮುಚ್ಚಳ ತೆಗೆಯೋದರಲ್ಲಿ.

೧೮೮೭ರಲ್ಲಿ ಜೂಲಿಯಸ್ ರಿಚರ್ಡ್ ಪೆಟ್ರಿ ಈ ತಟ್ಟೆಯ ಬಗ್ಗೆ ಬರೆದಾಗ ಅದನ್ನು ಕರೆದದ್ದು ಕಾಕ್ ವಿಧಾನಕ್ಕೆ ಒಂದು ಚಿಕ್ಕ ಬದಲಾವಣೆ ಅಂತ. ರಾಬರ್ಟ್ ಕಾಕ್ ಅದಕ್ಕೂ ಮೊದಲು ಚಪ್ಪಟೆ ಗಾಜಿನ ಹಲಗೆಗಳ ಮೇಲೆ ಮಾಧ್ಯಮ ಹರಡಿ, ಗಾಜಿನ ಗಂಟೆಯಡಿ ಮುಚ್ಚಿಡುತ್ತಿದ್ದ. ಪ್ರತಿ ಸಲ ನೋಡಬೇಕಾದಾಗಲೂ ಗಂಟೆ ಎತ್ತಬೇಕು, ಗಾಳಿ ನುಗ್ಗಬೇಕು. ಪೆಟ್ರಿ ಮಾಡಿದ್ದು ಇಷ್ಟೇ: ತಟ್ಟೆಗೆ ಅದಕ್ಕಿಂತ ಸ್ವಲ್ಪ ದೊಡ್ಡದೊಂದು ಗಾಜಿನ ಮುಚ್ಚಳ ಕೊಟ್ಟ. ತೆರೆಯದೆಯೇ ನೋಡಬಹುದು. ಅಂಚಿನಿಂದ ಗಾಳಿ ಆಡುತ್ತದೆ, ಧೂಳು ಬೀಳೋದಿಲ್ಲ. ಅಂದರೆ ಆ ಮನುಷ್ಯನ ಹೆಸರು ಇವತ್ತಿಗೂ ಉಳಿದಿರೋದೇ ಒಂದು ಮುಚ್ಚಳದಿಂದ. ನಾವು ಅದನ್ನೇ ತೆಗೆದಿಡಿ ಅಂತ ಪಾಠ ಹೇಳ್ತಾ ಇದ್ದೀವಿ.

(ಅಗರ್ ಕಥೆಯೂ ಒಂದು ಮಾತು. ಅದನ್ನು ಪ್ರಯೋಗಶಾಲೆಗೆ ತಂದದ್ದು ಅಡುಗೆಮನೆಯ ಜ್ಞಾನ. ಬೇಸಿಗೆಯಲ್ಲಿ ಜೆಲಟಿನ್ ಕರಗಿ ನೀರಾಗ್ತಿದೆ ಅಂತ ವಾಲ್ಟರ್ ಹೆಸ್ಸೆ ತಲೆ ಕೆಡಿಸಿಕೊಂಡಿದ್ದಾಗ, ತಾನು ಹಣ್ಣಿನ ಜೆಲ್ಲಿಗೆ ಹಾಕುವ ಅಗರ್ ಬಳಸಿ ನೋಡಿ ಅಂದವಳು ಹೆಂಡತಿ ಫ್ಯಾನಿ ಹೆಸ್ಸೆ, ೧೮೮೧ರಲ್ಲಿ. ನಮ್ಮ ಅಂಗಡಿಗಳಲ್ಲಿ ಚೈನಾ ಗ್ರಾಸ್ ಅಂತ ಮಾರೋದೂ ಅದನ್ನೇ. ೧೮೮೨ರಲ್ಲಿ ಕಾಕ್ ಅಗರ್ ಬಗ್ಗೆ ಬರೆದ. ಆಕೆಯ ಹೆಸರು ಮಾತ್ರ ಬರೆಯಲಿಲ್ಲ.)

ಸರಿ, ಮುಚ್ಚಳ ತೆಗೆದರೆ ನಿಜಕ್ಕೂ ಎಷ್ಟು ಅಪಾಯ? ಇದನ್ನು ಊಹೆ ಮಾಡೋದು ಬೇಡ. ಔಷಧ ಕಾರ್ಖಾನೆಗಳಲ್ಲಿ ಕೋಣೆಯ ಗಾಳಿ ಎಷ್ಟು ಶುದ್ಧ ಅಂತ ಅಳೆಯಲು ಒಂದು ಹಳೇ ವಿಧಾನ ಇದೆ: ೯೦ ಮಿಲಿಮೀಟರ್ ಅಗರ್ ತಟ್ಟೆಯ ಮುಚ್ಚಳ ತೆಗೆದು, ಹೆಚ್ಚೆಂದರೆ ನಾಲ್ಕು ಗಂಟೆ ಹಾಗೇ ಇಡೋದು, ಆಮೇಲೆ ಎಷ್ಟು ಚುಕ್ಕೆ ಎದ್ದವು ಅಂತ ಎಣಿಸೋದು. ಯುರೋಪಿನ ನಿಯಮದ ಪ್ರಕಾರ ಅತಿ ಶುದ್ಧವಾದ 'ಎ' ದರ್ಜೆಯಲ್ಲಿ ಒಂದೂ ಕಾಣಬಾರದು. ಕೊನೆಯ 'ಡಿ' ದರ್ಜೆಗೆ ನೂರರವರೆಗೆ ಮಾಫಿ. ಅದೂ ಫಿಲ್ಟರ್ ಮಾಡಿದ ಗಾಳಿ ಬರುವ, ವಿಶೇಷ ಬಟ್ಟೆ ತೊಟ್ಟವರು ಮಾತ್ರ ಓಡಾಡುವ ಕೋಣೆ. ನಿಮ್ಮ ಅಡುಗೆಮನೆಯಲ್ಲಿ ಈರುಳ್ಳಿ ಬುಟ್ಟಿ ಇದೆ, ನಿನ್ನೆಯ ಬ್ರೆಡ್ ಇದೆ, ಮಳೆಗಾಲದಲ್ಲಿ ಗೋಡೆ ಬೂಷ್ಟು ಹಿಡಿದಿರುತ್ತದೆ. ಅಲ್ಲಿ ಮುಚ್ಚಳ ಸರಿಸಿ ಇಪ್ಪತ್ತು ನಿಮಿಷ ಬಿಟ್ಟರೆ ನೀವು ತಟ್ಟೆ ಆರಿಸ್ತಾ ಇಲ್ಲ ಸ್ವಾಮಿ, ಗಾಳಿಯ ಮಾದರಿ ಸಂಗ್ರಹಿಸ್ತಾ ಇದ್ದೀರಿ!

ಒಂದು ತರಬೇತಿಯಲ್ಲಿ (ಯಾರದ್ದು ಅನ್ನೋದು ಬೇಡ ಬಿಡಿ) ಹೇಳಿಕೊಡುವವರು ಇಪ್ಪತ್ತು ತಟ್ಟೆಗಳನ್ನು ಮೇಜಿನ ಮೇಲೆ ಸಾಲಾಗಿ ತೆರೆದಿಟ್ಟು, ಮೇಲೆ ಸೀಲಿಂಗ್ ಫ್ಯಾನ್ ಹಾಕಿಸಿದರು. ಬೇಗ ಆರಲಿ ಅಂತ. ನಾಲ್ಕನೇ ದಿನ ತಟ್ಟೆಗಳಲ್ಲಿ ಹಸಿರು, ಕಪ್ಪು, ಕೇಸರಿ ಎಲ್ಲ ಬಂದಿತ್ತು, ಅಣಬೆ ಒಂದು ಬಿಟ್ಟು. ಅವರ ವಿವರಣೆ: "ನೀವುಗಳು ಕೈ ಸರಿಯಾಗಿ ತೊಳೆದಿಲ್ಲ." ನನಗೆ ಸಿಟ್ಟು ಬಂದದ್ದು ಅಲ್ಲಿ. ಹಳ್ಳಿಯಿಂದ ಬಸ್ಸು ಹತ್ತಿ, ದುಡ್ಡು ಕಟ್ಟಿ ಬಂದ ಹೆಂಗಸರಿದ್ದರು. ಅವರು ತಲೆ ತಗ್ಗಿಸಿ, ಇದು ನಮ್ಮಂಥೋರಿಗೆ ಆಗೋ ಕೆಲಸ ಅಲ್ಲ ಅಂತ ಹೊರಟರು. ಕಲ್ಚರ್ ತಾವೇ ಇಟ್ಟುಕೊಳ್ಳೋದು ಬಾರದವರು ಪ್ರತಿ ಬೆಳೆಗೂ ಅಣಬೆ ಬೀಜ ಕೊಳ್ಳುತ್ತಲೇ ಇರಬೇಕು. ಪ್ಯಾಕೆಟ್ಟಿನಲ್ಲಿ ಹಳೇದು ಬಂದರೂ, ಕೆಟ್ಟದ್ದು ಬಂದರೂ ಬಾಯಿ ಮುಚ್ಚಿಕೊಂಡು.

ಈಗ ಒಂದು ಲೆಕ್ಕ. ಇಂಜಿನಿಯರಿಂಗ್ ಓದಿದ್ದಕ್ಕೆ ಇಷ್ಟಾದರೂ ಉಪಯೋಗ ಆಗಲಿ :)

೯೦ ಮಿ.ಮೀ. ತಟ್ಟೆಗೆ ೨೦ ಮಿಲಿ ಅಗರ್ ಸುರಿದರೆ ಸುಮಾರು ೩ ಮಿ.ಮೀ. ದಪ್ಪ ಬರುತ್ತದೆ. ಮುಚ್ಚಳದವರೆಗೆ ಉಳಿದ ಜಾಗದಲ್ಲಿ ಸುಮಾರು ೭೦ ಮಿಲಿ ಗಾಳಿ. ೫೦ ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನಮೀಟರ್ ಗಾಳಿ ಹೆಚ್ಚೆಂದರೆ ೮೩ ಗ್ರಾಂ ನೀರಾವಿ ಹಿಡಿಯುತ್ತದೆ. ಅಂದರೆ ಆ ೭೦ ಮಿಲಿಯಲ್ಲಿ ಇರೋದು ಬರೀ ೬ ಮಿಲಿಗ್ರಾಂ. ಒಂದು ತೊಟ್ಟು ನೀರು ಸುಮಾರು ೫೦ ಮಿಲಿಗ್ರಾಂ. ಮುಚ್ಚಳದಲ್ಲಿ ನೇತಾಡೋ ಮೂರು ನಾಲ್ಕು ತೊಟ್ಟು ಹಾಗಾದರೆ ಎಲ್ಲಿಂದ ಬಂತು? "ಒಳಗೆ ಸಿಕ್ಕಿಕೊಂಡ ಹಬೆ" ಅನ್ನೋ ವಿವರಣೆ ಇಲ್ಲೇ ಮುಗೀತು.

ಬಂದದ್ದು ಅಗರ್‌ನಿಂದಲೇ. ಬಿಸಿ ಅಗರ್ ಆವಿ ಬಿಡುತ್ತದೆ, ತಣ್ಣನೆ ಮುಚ್ಚಳ ಅದನ್ನು ನೀರು ಮಾಡುತ್ತದೆ. ಜಾಗ ಖಾಲಿಯಾಯ್ತು, ಅಗರ್ ಮತ್ತೆ ಆವಿ ಬಿಡುತ್ತದೆ. ಎರಡರ ಉಷ್ಣತೆ ಒಂದಾಗೋವರೆಗೂ ಇದು ನಡೀತಾನೇ ಇರುತ್ತದೆ. ಇದು ಭಟ್ಟಿ ಇಳಿಸೋ ಕೆಲಸ. ನೀವು ಮೇಜಿನ ಮೇಲೆ ಪುಟ್ಟ ಪುಟ್ಟ ಭಟ್ಟಿಗಳನ್ನು ಜೋಡಿಸಿಟ್ಟು, ನೀರು ಯಾಕೆ ಬಂತು ಅಂತ ಆಶ್ಚರ್ಯ ಪಡ್ತಾ ಇದ್ದೀರಿ. ಮುಚ್ಚಳ ಒರೆಸಿದರೆ? ಭಟ್ಟಿ ಮತ್ತೆ ಓಡುತ್ತದೆ, ಅಷ್ಟೆ. ನಮ್ಮ ಆಫೀಸುಗಳಲ್ಲಿ ಮೆಮೊರಿ ಸೋರುವ ಪ್ರೋಗ್ರಾಮನ್ನು ದಿನಾ ರಾತ್ರಿ ರೀಸ್ಟಾರ್ಟ್ ಮಾಡಿ ಸಂಬಳ ತಗೊಳ್ತೀವಲ್ಲ, ಹಾಗೆ.

ಅಮ್ಮಂದಿರಿಗೆ ಇದು ಗೊತ್ತು. ಇಡ್ಲಿ ಪಾತ್ರೆ ಇಳಿಸಿ ಹಾಗೇ ಬಿಟ್ಟರೆ ಮುಚ್ಚಳದ ನೀರು ಇಡ್ಲಿ ಮೇಲೆ ಸುರಿಯುತ್ತದೆ. ಬಿಸಿ ಚಪಾತಿ ಹಾಟ್‌ಬಾಕ್ಸಿಗೆ ಹಾಕುವಾಗ ಬಟ್ಟೆ ಹಾಕೋದೂ ಅದಕ್ಕೇ.

ಹಾಗಾದರೆ ಮಾಡಬೇಕಾದ್ದು ಒಂದೇ: ಅಗರ್‌ಗೂ ಮುಚ್ಚಳಕ್ಕೂ ನಡುವೆ ಉಷ್ಣತೆಯ ಅಂತರ ಬೆಳೆಯದಂತೆ ನೋಡಿಕೊಳ್ಳೋದು. ಅಗರ್ ಇದಕ್ಕೆ ಒಂದು ಅನುಕೂಲವನ್ನೂ ಕೊಟ್ಟಿದೆ. ಅದು ಕರಗಲು ಸುಮಾರು ೮೫ ಡಿಗ್ರಿ ಬೇಕು, ಆದರೆ ಒಮ್ಮೆ ಕರಗಿದರೆ ೪೦ರ ಆಸುಪಾಸಿಗೆ ಇಳಿಯುವವರೆಗೂ ಹೆಪ್ಪುಗಟ್ಟುವುದಿಲ್ಲ. ಕುಕ್ಕರಿನಿಂದ ತೆಗೆದ ಬಾಟಲಿಯನ್ನು ೫೦ ಡಿಗ್ರಿ ನೀರಿನ ಪಾತ್ರೆಯಲ್ಲಿ ಅರ್ಧ ಗಂಟೆಗೂ ಹೆಚ್ಚು ಹೊತ್ತು ಕೂರಿಸಿ, ಬರಿಗೈಯಲ್ಲಿ ಆರಾಮಾಗಿ ಹಿಡಿಯುವಂತಾದ ಮೇಲೆ, ೪೫ರ ಹತ್ತಿರ ಸುರಿಯಿರಿ. ಅವಸರಕ್ಕೆ ೬೦ರಲ್ಲಿ ಸುರಿದರೆ ಏನಾಗುತ್ತದೆ? ೨೦ ಗ್ರಾಂ ಮಾಧ್ಯಮ ೧೫ ಡಿಗ್ರಿ ಹೆಚ್ಚು ಬಿಸಿ ಅಂದರೆ ಸುಮಾರು ೧೨೬೦ ಜೂಲ್ ಹೆಚ್ಚುವರಿ ಶಾಖ. ಒಂದು ಗ್ರಾಂ ನೀರನ್ನು ಆವಿ ಮಾಡಲು ೨೪೦೦ ಜೂಲ್ ಸಾಕು. ಆ ಹೆಚ್ಚುವರಿಯಲ್ಲಿ ಹತ್ತನೇ ಒಂದು ಪಾಲು ಆವಿಗೆ ಹೋದರೂ ಒಂದು ತೊಟ್ಟು ಜಾಸ್ತಿ.

ಸುರಿದ ತಟ್ಟೆಗಳನ್ನು ಹರಡಬೇಡಿ, ಒಂದರ ಮೇಲೊಂದು ಪೇರಿಸಿ. ಮೇಲಿನ ತಟ್ಟೆಯ ಬಿಸಿ ಕೆಳಗಿನದರ ಮುಚ್ಚಳವನ್ನು ಬೆಚ್ಚಗಿಡುತ್ತದೆ. ಎಲ್ಲಕ್ಕೂ ಮೇಲಿನದಕ್ಕೆ ಮಾತ್ರ ಯಾರೂ ದಿಕ್ಕಿಲ್ಲ, ಅದಕ್ಕೊಂದು ಬಿಸಿನೀರು ತುಂಬಿದ ಸ್ಟೀಲ್ ಲೋಟ ಇಡಿ. ಇಡೀ ಪೇರಿಕೆಗೆ ಥರ್ಮೋಕೋಲ್ ಡಬ್ಬಿಯನ್ನು ಬೋರಲು ಹಾಕಿ ರಾತ್ರಿ ಬಿಟ್ಟುಬಿಡಿ. ನಿಧಾನಕ್ಕೆ ಆರಿದಷ್ಟೂ ಒಳ್ಳೇದು. ನಂಬಿಕೆ ಬರದಿದ್ದರೆ ಐದು ತಟ್ಟೆ ಪೇರಿಸಿ, ಐದನ್ನು ಹರಡಿ ಇಟ್ಟು ಬೆಳಿಗ್ಗೆ ನೋಡಿ.

ಇಷ್ಟಾದರೂ ಮಂಜು ಕಂಡಿತಾ? ಭಟ್ಟಿಯನ್ನು ಉಲ್ಟಾ ಓಡಿಸಿ. ಪ್ಲಾಸ್ಟಿಕ್ ಚೀಲದಲ್ಲಿ ಉಗುರುಬೆಚ್ಚಗಿನ ನೀರು ತುಂಬಿ ಮುಚ್ಚಳದ ಮೇಲೆ ಸ್ವಲ್ಪ ಹೊತ್ತು ಇಡಿ. ಈಗ ಮುಚ್ಚಳ ಬಿಸಿ, ಅಗರ್ ತಣ್ಣಗೆ. ಸಣ್ಣ ಮಂಜು ಬಂದ ದಾರಿಯಲ್ಲೇ ವಾಪಸ್ ಹೋಗುತ್ತದೆ. ಮುಚ್ಚಳ ತೆಗೆದದ್ದು ಸೊನ್ನೆ ಸೆಕೆಂಡು.

ಇನ್ನು ಸಿಲಿಕಾ ಜೆಲ್ ಪುಡಿಕೆ, "ಅಗರ್ ಜಾಸ್ತಿ ಹಾಕಿ" ಅನ್ನೋ ಪಂಗಡದವರು. ಮಾಧ್ಯಮದಲ್ಲಿ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಪಾಲು ನೀರೇ. ಲೀಟರಿಗೆ ೧೫ ಗ್ರಾಂ ಅಗರ್ ಹಾಕಿದರೂ ೨೫ ಹಾಕಿದರೂ ತಟ್ಟೆಯೊಳಗಿನ ಗಾಳಿ ತೇವದಿಂದ ತುಂಬಿಯೇ ಇರುತ್ತದೆ. ಆ ಸ್ಥಿತಿಯಲ್ಲಿ ಮುಚ್ಚಳ ಕಾಲು ಡಿಗ್ರಿ ತಣ್ಣಗಾದರೂ ಸಾಕು, ಮಂಜು ಕೂರುತ್ತದೆ. ತಟ್ಟೆಯ ಹೊರಗಿಟ್ಟ ಸಿಲಿಕಾ ಅಲ್ಲಿ ಏನು ಮಾಡೀತು? ಒಂದು ಮಾತು ಒಪ್ಪುತ್ತೇನೆ: ಅಗರ್ ತೀರಾ ಕಡಿಮೆಯಾದರೆ ಹೆಪ್ಪು ತಾನಾಗೇ ನೀರು ಬಿಡುತ್ತದೆ, ಮೊಸರು ನೀರು ಬಿಟ್ಟ ಹಾಗೆ. ಅದಕ್ಕೆ ೨೦ ಗ್ರಾಂ ಮದ್ದು. ಮುಚ್ಚಳದ ನೀರಿಗಲ್ಲ.

"ಲ್ಯಾಬುಗಳಲ್ಲಿ ಮುಚ್ಚಳ ತೆಗೆದೇ ಆರಿಸ್ತಾರಲ್ಲ?" ಹೌದು, ಆರಿಸ್ತಾರೆ. ಹೆಪಾ ಫಿಲ್ಟರಿನಿಂದ ಹಾದು ಬರುವ ಗಾಳಿಯ ಎದುರು. ೦.೩ ಮೈಕ್ರಾನಿನ ಕಣಗಳಲ್ಲಿ ಶೇಕಡಾ ೯೯.೯೭ರಷ್ಟನ್ನು ಅದು ತಡೆಯುತ್ತದೆ. ಅವರ ಕೈಪಿಡಿಯ ಒಂದು ಸಾಲು ನಕಲು ಮಾಡಿ, ಆ ಸಾಲಿನ ಹಿಂದೆ ಇರುವ ಯಂತ್ರವನ್ನು ಬಿಟ್ಟುಬಿಟ್ಟರೆ ಹೇಗೆ? ಇದರ ಮರಿ ವಾದವೂ ಒಂದಿದೆ: "ಹಾಗಾದರೆ ಹತ್ತಾರು ಸಾವಿರ ಕೊಟ್ಟು ಆ ಯಂತ್ರ ತಗೊಳ್ಳಿ." ಲೋಟ ಬಿಸಿನೀರಿನಲ್ಲಿ ಆಗೋ ಕೆಲಸಕ್ಕೆ!

ಕೊನೆಗೆ ಫ್ರಿಜ್ಜು. ಸುರಿದ ತಟ್ಟೆಯನ್ನು ಬೆಚ್ಚಗಿರುವಾಗಲೇ ಫ್ರಿಜ್ಜಿಗೆ ತುರುಕಿದರೆ ತೆಳು ಮುಚ್ಚಳ ಮೊದಲು ತಣ್ಣಗಾಗುತ್ತದೆ, ಭಟ್ಟಿ ಶುರು. ಪೂರ್ತಿ ಆರಿದ ಮೇಲೆ, ಪ್ಲಾಸ್ಟಿಕ್ ಸುತ್ತಿ, ಟವೆಲ್ಲಿನಲ್ಲಿ ಮಡಿಚಿ, ಬೋರಲಾಗಿ ಇಡಿ. ಬೋರಲು ಅಂದರೆ ಅಗರ್ ಮೇಲೆ, ಮುಚ್ಚಳ ಕೆಳಗೆ. ಆಗ ನೀರು ಬಂದರೂ ಅಗರ್ ಮೇಲೆ ಬೀಳೋದಿಲ್ಲ. ಹೊರಗೆ ತೆಗೆದಾಗ ಆಟ ತಿರುಗಾಮುರುಗಾ: ಈಗ ಅಗರ್ರೇ ತಣ್ಣಗಿರೋದು, ತೆರೆದ ಕೂಡಲೇ ಕೋಣೆಯ ತೇವ ಅದರ ಮೇಲೆಯೇ ಕೂರುತ್ತದೆ. ಸುತ್ತಿದ ಪ್ಲಾಸ್ಟಿಕ್ ಬಿಚ್ಚದೆ ಎರಡು ಗಂಟೆ ಕಾಯಬೇಕು. ಅಣಬೆಯ ತುಂಡು ಹಾಕಿದ ತಟ್ಟೆಯನ್ನು ಮಾತ್ರ ಮೊದಲ ಒಂದೆರಡು ದಿನ ನೇರವಾಗಿಯೇ ಇಡಿ, ಎಳೆ ಅಗರ್ ಕಚ್ಚಿಕೊಂಡ ಮೇಲೆ ಬೋರಲು ಹಾಕಿ.

ಆದರೆ ಬೆಳೆದ ಕಲ್ಚರನ್ನೆಲ್ಲ ಕಣ್ಣುಮುಚ್ಚಿ ಫ್ರಿಜ್ಜಿಗೆ ಹಾಕಬೇಡಿ. ಚಳಿದೇಶದವರು ನಾಲ್ಕು ಡಿಗ್ರಿಯಲ್ಲಿಡಿ ಅಂತ ಬರೀತಾರೆ, ಅವರ ಅಣಬೆಗಳಿಗೆ ಅದು ಸರಿ. ನಮ್ಮ ಭತ್ತದ ಹುಲ್ಲಿನ ಅಣಬೆ ಆ ಚಳಿಗೆ ಸತ್ತೇ ಹೋಗುತ್ತದೆ. ಅದನ್ನು ಹೊರಗೇ, ಹಗಲು ರಾತ್ರಿಯ ಉಷ್ಣತೆ ಹೆಚ್ಚು ಏರಿಳಿಯದ ಮೂಲೆಯಲ್ಲಿ, ಅದೇ ಥರ್ಮೋಕೋಲ್ ಡಬ್ಬಿಯೊಳಗೆ ಎರಡು ನೀರಿನ ಬಾಟಲಿ ಜೊತೆಗೆ ಇಡಿ. ಬಾಟಲಿ ನೀರು ನಿಧಾನಕ್ಕೆ ಬಿಸಿಯಾಗಿ ನಿಧಾನಕ್ಕೆ ಆರುವುದರಿಂದ, ಬೆಳಗಿನ ಜಾವದ ಚಳಿಗೆ ಮುಚ್ಚಳ ಬೆವರೋದೂ ಕಮ್ಮಿ.