ಹೊಗೆಯಿಲ್ಲದ ಬಂಡಿಗೂ ಸುಂಕ

ಲಂಡನ್ ಮಹಾನಗರದ ನಡುಭಾಗವನ್ನು ಹಗಲಿನಲ್ಲಿ ಪ್ರವೇಶಿಸುವ ಕಾರುಗಳು ದಿನಕ್ಕೆ 5 ಪೌಂಡು ತೆರಬೇಕೆಂಬ ಕಟ್ಟಳೆ 2003ರ ಫೆಬ್ರವರಿಯಲ್ಲಿ ಜಾರಿಗೆ ಬಂದಿತು. ಮರುವರ್ಷವೇ ಆ ಬೀದಿಗಳಲ್ಲಿ ಒಂದು ಪುಟ್ಟ ಕಾರು ಕಾಣಿಸಿಕೊಂಡಿತು. ಉದ್ದ ಮೂರು ಮೀಟರಿಗೂ ಕಡಿಮೆ, ಸದ್ದಿಲ್ಲ, ಹೊಗೆಯಿಲ್ಲ. ಅಲ್ಲಿನವರು ಅದನ್ನು ‘ಜಿ-ವಿಜ್’ ಎಂದು ಕರೆದರು. ಬೆಂಗಳೂರಿನವರಾದರೋ 2001ರಿಂದಲೇ ಅದನ್ನು ‘ರೇವಾ’ ಎಂಬ ಹೆಸರಿನಿಂದ ಬಲ್ಲರು. ಚೇತನ್ ಮೈನಿಯವರ ಸಂಸ್ಥೆ ಬೆಂಗಳೂರಿನಲ್ಲಿ ತಯಾರಿಸಿದ ಈ ವಿದ್ಯುತ್ ಕಾರನ್ನು ಲಂಡನ್ನಿನ ಗೃಹಸ್ಥರು ಕೊಂಡದ್ದು ಅದರ ಚೆಲುವಿಗೆ ಮರುಳಾಗಿ ಎನ್ನುವಂತಿಲ್ಲ. ನಗರ ಪ್ರವೇಶದ ಸುಂಕ ಅದಕ್ಕಿರಲಿಲ್ಲ. ವರ್ಷ ವರ್ಷ ತೆರಬೇಕಾದ ವಾಹನ ತೆರಿಗೆಯೂ ಇರಲಿಲ್ಲ. ಸೊನ್ನೆಗಿರುವ ಆಕರ್ಷಣೆ ಸಾಮಾನ್ಯವಾದುದಲ್ಲ.

ಆ ಸೊನ್ನೆ ಈಗ ಅಳಿಸಿಹೋಗಿದೆ. ವಿದ್ಯುತ್ ಕಾರುಗಳಿಗೂ ವಾಹನ ತೆರಿಗೆಯನ್ನು ವಿಧಿಸುವುದಾಗಿ ಅರ್ಥಸಚಿವ ಜೆರೆಮಿ ಹಂಟ್ ಅವರು 2022ರ ನವೆಂಬರಿನಲ್ಲಿ ಸಾರಿದರು. 2025ರ ಏಪ್ರಿಲ್ 1ರಂದು ಅದು ಆಚರಣೆಗೆ ಬಂದಿತು. ಹೊಸ ಕಾರಿಗೆ ಮೊದಲ ವರ್ಷ 10 ಪೌಂಡು. ಬಳಿಕ ಪೆಟ್ರೋಲು ಕಾರಿಗಿದ್ದಂತೆಯೇ ವರ್ಷಕ್ಕೆ 195 ಪೌಂಡು. ಪಟ್ಟಿಬೆಲೆ 40,000 ಪೌಂಡುಗಳನ್ನು ಮೀರಿದ್ದರೆ ಎರಡನೆಯ ವರ್ಷದಿಂದ ಐದು ವರ್ಷಗಳ ಕಾಲ ಇನ್ನೂ 425 ಪೌಂಡು. ಗ್ರಾಹಕನು ಚೌಕಾಶಿ ಮಾಡಿ ಎಷ್ಟೇ ಅಗ್ಗಕ್ಕೆ ಕೊಂಡಿರಲಿ, ಲೆಕ್ಕಕ್ಕೆ ಬರುವುದು ಪಟ್ಟಿಯಲ್ಲಿ ಅಚ್ಚಾದ ಬೆಲೆ. ಈ ಮಿತಿ ತೀರ ಬಿಗಿಯಾಯಿತೆಂಬ ಕೂಗೆದ್ದ ಮೇಲೆ ವಿದ್ಯುತ್ ಕಾರುಗಳ ಮಟ್ಟಿಗೆ ಅದನ್ನು 2026ರ ಏಪ್ರಿಲಿನಿಂದ 50,000 ಪೌಂಡಿಗೆ ಏರಿಸಲು ಸರ್ಕಾರ ಒಪ್ಪಿತು. ಲಂಡನ್ನಿನ ಪ್ರವೇಶ ಸುಂಕದ ವಿನಾಯಿತಿ 2025ರ ಡಿಸೆಂಬರಿನಲ್ಲಿ ಕೊನೆಗೊಂಡಿತು. 2026ರ ಜನವರಿಯಲ್ಲಿ ಆ ಸುಂಕವೂ 18 ಪೌಂಡಿಗೆ ಏರಿ, ಮೊದಲೇ ಹೆಸರು ನೋಂದಾಯಿಸಿಕೊಂಡ ವಿದ್ಯುತ್ ಕಾರಿನವರಿಗೆ ಅದರಲ್ಲಿ ಕಾಲುಭಾಗದ ರಿಯಾಯಿತಿ ಮಾತ್ರ ಉಳಿಯಿತು.

ಬೊಕ್ಕಸದ ಸಂಕಟವನ್ನು ಅರಿಯದೆ ಇದನ್ನು ನಿಂದಿಸುವುದು ಸುಲಭ. ಬ್ರಿಟನ್ನಿನಲ್ಲಿ 2022ರ ಮಾರ್ಚಿಯಿಂದ 2025ರ ಕೊನೆಯವರೆಗೂ ಪೆಟ್ರೋಲು ಡೀಸೆಲುಗಳ ಮೇಲೆ ಲೀಟರಿಗೆ 52.95 ಪೆನ್ನಿ ಸುಂಕವಿದ್ದಿತು. ಇದರಿಂದ ಸರ್ಕಾರಕ್ಕೆ ವರ್ಷಕ್ಕೆ ಬರುತ್ತಿದ್ದ ವರಮಾನ ಸುಮಾರು 2,400 ಕೋಟಿ ಪೌಂಡು. ಈ ಸುಂಕಕ್ಕೆ ಒಂದು ವಿಶೇಷ ಗುಣವಿದೆ. ಅದು ಬೆಲೆಯೊಳಗೆ ಅಡಗಿ ಕುಳಿತಿರುತ್ತದೆ. ಲೀಟರು ಲೀಟರಾಗಿ, ತಿಳಿಯದಂತೆ ಕೈಬಿಡುತ್ತದೆ. ಹೆಚ್ಚು ಓಡಿಸುವವನು ಹೆಚ್ಚು ತೆರುತ್ತಾನೆ. ಲೀಟರಿಗೆ ಒಂಬತ್ತು ಮೈಲಿ ಓಡುವ ಕಾರಿನ ಒಡೆಯನು ಹೀಗೆ ಪ್ರತಿ ಮೈಲಿಗೂ ಹೆಚ್ಚು ಕಡಮೆ 6 ಪೆನ್ನಿ ಸಲ್ಲಿಸುತ್ತಿದ್ದನಾದರೂ ಅದು ಅವನಿಗೆ ನೆನಪಾಗುತ್ತಿದ್ದುದು ಅಪರೂಪ. ಮನೆಯಲ್ಲಿ ದೀಪ ಉರಿಸುವ ವಿದ್ಯುತ್ತಿಗೂ ಕಾರಿಗೆ ತುಂಬುವ ವಿದ್ಯುತ್ತಿಗೂ ಬಣ್ಣದ ಭೇದವಿಲ್ಲದಿರುವುದರಿಂದ, ಅದಕ್ಕೆ ಮಾತ್ರ ಬೇರೆ ಸುಂಕ ಹಾಕುವುದು ಅಷ್ಟು ಸುಲಭವಲ್ಲ. ಆದಕಾರಣ ಸರ್ಕಾರದ ಕಣ್ಣು ಇಂಧನವನ್ನು ಬಿಟ್ಟು ಬಂಡಿಯ ಮೇಲೆ ಬಿದ್ದಿದೆ.

ಇಷ್ಟನ್ನು ಒಪ್ಪಿದ ಮೇಲೂ ನ್ಯಾಯದ ಪ್ರಶ್ನೆ ಉಳಿಯುತ್ತದೆ. ಹೊಸ ತೆರಿಗೆ ಹೊಸದಾಗಿ ಕೊಳ್ಳುವವರಿಗೆ ಮಾತ್ರ ತಗುಲಿದ್ದರೆ ಯಾರೂ ಹೆಚ್ಚು ಗೊಣಗುತ್ತಿರಲಿಲ್ಲ. ಆದರೆ 2017ರ ಏಪ್ರಿಲಿನಿಂದೀಚೆಗೆ ನೋಂದಣಿಯಾದ ಎಲ್ಲ ವಿದ್ಯುತ್ ಕಾರುಗಳೂ 195 ಪೌಂಡಿನ ಬಲೆಗೆ ಬಿದ್ದವು. ಐದಾರು ವರ್ಷಗಳ ಹಿಂದೆ, ಬೆಲೆ ದುಬಾರಿಯಾದರೂ ತೆರಿಗೆಯಿಲ್ಲವಷ್ಟೆ ಎಂದು ಮನೆಯವರೆಲ್ಲ ಕುಳಿತು ಲೆಕ್ಕ ಹಾಕಿ, ಸಾಲ ಮಾಡಿ ಕಾರು ಕೊಂಡ ಕುಟುಂಬವೊಂದನ್ನು ಭಾವಿಸಿಕೊಳ್ಳಬಹುದು. ಆ ಲೆಕ್ಕದ ಒಂದು ಸಾಲನ್ನು ಸರ್ಕಾರ ಆಮೇಲೆ ತಿದ್ದಿತು. ತೆರಿಗೆ ಎಂದೆಂದಿಗೂ ಬಾರದೆಂದು ಯಾರೂ ಬರೆದುಕೊಟ್ಟಿರಲಿಲ್ಲ, ನಿಜ. ಎರಡು ವರ್ಷಕ್ಕೂ ಮೊದಲೇ ಎಚ್ಚರಿಕೆ ಕೊಟ್ಟಿದ್ದೂ ನಿಜ. ಜಾಣರಾದ ಕೆಲವರು 2025ರ ಮಾರ್ಚಿ ಮುಗಿಯುವುದರೊಳಗೆ ನವೀಕರಣ ಮಾಡಿಸಿಕೊಂಡು ಇನ್ನೊಂದು ವರ್ಷ ಸೊನ್ನೆಯಲ್ಲಿಯೇ ಕಳೆದರು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲವೆಂಬ ಕನ್ನಡದ ಗಾದೆಯನ್ನು ಅವರು ಕೇಳಿರಲಾರರು, ಅರ್ಥವನ್ನಂತೂ ಬಲ್ಲವರಾಗಿದ್ದರು.

ಇಲ್ಲಿ ಕರ್ನಾಟಕದ ರೀತಿಯನ್ನು ಹೋಲಿಸಿ ನೋಡುವುದು ಸ್ವಾರಸ್ಯಕರ. ವಿದ್ಯುತ್ ವಾಹನಗಳಿಗೆ 2016ರಲ್ಲಿ ಪೂರ್ಣ ತೆರಿಗೆ ವಿನಾಯಿತಿಯನ್ನು ಕೊಟ್ಟಿದ್ದ ರಾಜ್ಯ, 2024ರ ಮಾರ್ಚಿಯಲ್ಲಿ 25 ಲಕ್ಷ ರೂಪಾಯಿಗೆ ಮೇಲ್ಪಟ್ಟ ವಿದ್ಯುತ್ ಕಾರುಗಳ ಮೇಲೆ ಶೇಕಡಾ 10ರಷ್ಟು ಜೀವಾವಧಿ ತೆರಿಗೆಯನ್ನು ಹಾಕಿತು. 30 ಲಕ್ಷದ ಕಾರಿಗೆ 3 ಲಕ್ಷ. ನೋಂದಣಿಯ ಸಮಯದಲ್ಲಿ ಒಮ್ಮೆ ತೆತ್ತರೆ ಮುಗಿಯಿತು. ಬ್ರಿಟನ್ನಿನ ತೆರಿಗೆ ವಾರ್ಷಿಕ. ಆದ್ದರಿಂದ ಹಳೆಯ ಒಡೆಯರನ್ನೂ ಹುಡುಕಿಕೊಂಡು ಹೋಗುತ್ತದೆ. ಇಲ್ಲಿಯದು ಒಂದೇ ಬಾರಿಯದು. ಅದಕ್ಕೆ ಮೊದಲು ಕೊಂಡವರ ಮನೆಯ ಬಾಗಿಲನ್ನು ಅದು ತಟ್ಟಲಿಲ್ಲ. ಹಾಗೆಂದು ಇದು ನಿರ್ದೋಷವೂ ಅಲ್ಲ. ಮಿತಿಯಿಂದ ತುಸು ಕೆಳಗಿನ ಬೆಲೆಯ ಕಾರಿಗೆ ಆಗ ಏನೂ ಇಲ್ಲ; ತುಸು ಮೇಲಿನದಕ್ಕೆ ಎರಡೂವರೆ ಲಕ್ಷ ಒಮ್ಮೆಗೇ. ವಾರಕ್ಕೊಮ್ಮೆ ದೇವಸ್ಥಾನಕ್ಕೆ ಹೋಗಿಬರುವವನೂ ದಿನವೂ ನೂರು ಕಿಲೋಮೀಟರು ಓಡಿಸುವವನೂ ಒಂದೇ ಮೊತ್ತ ತೆರುತ್ತಾರೆ.

ರಸ್ತೆಯನ್ನು ಬಳಸಿದಷ್ಟು ತೆರು ಎಂಬ ನ್ಯಾಯವನ್ನು ಈಗ ಬ್ರಿಟನ್ ಹಿಡಿಯಹೊರಟಿದೆ. 2028ರ ಏಪ್ರಿಲಿನಿಂದ ವಿದ್ಯುತ್ ಕಾರುಗಳ ಮೇಲೆ ಮೈಲಿಗೆ 3 ಪೆನ್ನಿ ವಿಧಿಸುವುದಾಗಿ ಅರ್ಥಸಚಿವೆ ರೇಚಲ್ ರೀವ್ಸ್ ಅವರು 2025ರ ನವೆಂಬರಿನ ಮುಂಗಡ ಪತ್ರದಲ್ಲಿ ಘೋಷಿಸಿದರು. ವರ್ಷಕ್ಕೆ 8,000 ಮೈಲಿ ಓಡಿಸುವ ಮನೆಗೆ ಇದರಿಂದ 240 ಪೌಂಡು. ವಾರ್ಷಿಕ ತೆರಿಗೆ ಬೇರೆ. ಅದೇ ವರ್ಷದ ಜುಲೈಯಲ್ಲಿ, 37,000 ಪೌಂಡು ಮೀರದ ಹೊಸ ವಿದ್ಯುತ್ ಕಾರನ್ನು ಕೊಳ್ಳುವವರಿಗೆ 3,750 ಪೌಂಡುಗಳವರೆಗೆ ಸಹಾಯಧನ ಕೊಡುವುದಾಗಿ ಸಾರಿದ್ದುದೂ ಇದೇ ಸರ್ಕಾರವೇ. ಕೊಳ್ಳಿರಿ, ಆದರೆ ಹೆಚ್ಚು ಓಡಿಸಬೇಡಿರಿ ಎಂದು ಹೇಳುವಂತಿದೆ.

ಮೈಲಿಗೆ 3 ಪೆನ್ನಿ ಎಂದರೆ ಪೆಟ್ರೋಲಿನವನು ಸಲ್ಲಿಸುವುದರ ಸುಮಾರು ಅರ್ಧ. ಮೇಲುನೋಟಕ್ಕೆ ವಿದ್ಯುತ್ ಕಾರಿಗೆ ಇನ್ನೂ ಲಾಭವೇ. ಆ ಲಾಭ ಯಾರಿಗೆ ಎಂಬುದನ್ನು ಮಾತ್ರ ವಿಚಾರಿಸಬೇಕು. ಮನೆಯ ಮುಂದೆ ಸ್ವಂತ ಅಂಗಳವಿದ್ದು, ರಾತ್ರಿ ಕಾರಿಗೆ ತಂತಿ ಸಿಕ್ಕಿಸಿ ಮಲಗುವವನು ಗೃಹಬಳಕೆಯ ವಿದ್ಯುತ್ತಿನ ಮೇಲೆ ತೆರುವ ಮೌಲ್ಯವರ್ಧಿತ ತೆರಿಗೆ ಶೇಕಡಾ 5. ಮೂರನೆಯ ಮಹಡಿಯ ಬಾಡಿಗೆ ಮನೆಯಲ್ಲಿದ್ದು ಬೀದಿಯ ಕಂಬಕ್ಕೆ ಕಾರನ್ನು ಕಟ್ಟಬೇಕಾದವನು ತೆರುತ್ತ ಬಂದದ್ದು ಶೇಕಡಾ 20. ಅಲ್ಲಿ ವಿದ್ಯುತ್ತಿನ ದರವೂ ಮನೆಯದಕ್ಕಿಂತ ಎಷ್ಟೋ ಮೇಲೆ. ಅಂಗಳವಿರುವವನಿಗೆ 3 ಪೆನ್ನಿ ಒಂದು ಕಿರುಕುಳ. ಅಂಗಳವಿಲ್ಲದವನಿಗೆ, ವಿದ್ಯುತ್ ಕಾರಿನಿಂದ ಉಳಿಯುವುದೇನು ಎಂದು ಮತ್ತೆ ಕುಳಿತು ಲೆಕ್ಕ ಹಾಕುವಂತೆ ಮಾಡುವ ಹೊರೆ. ಬ್ರಿಟನ್ನಿನಲ್ಲಿ ಈಚೆಗೆ ಹೋಗಿ ನೆಲೆಸಿದ ಕನ್ನಡ ಕುಟುಂಬಗಳಲ್ಲಿ ಬಾಡಿಗೆಯ ಮನೆಯವರು ಈ ಎರಡನೆಯ ಸಾಲಿನಲ್ಲಿ ನಿಲ್ಲುತ್ತಾರೆ. ತೆರಿಗೆಯನ್ನು ಹಾಕಲೇಬೇಕಾಗಿದ್ದರೆ, ಮೊದಲು ಈ ಶೇಕಡಾ 20ನ್ನು 5ಕ್ಕೆ ಇಳಿಸಿ ಅನಂತರ ಮೈಲಿಗಳನ್ನು ಎಣಿಸತೊಡಗಿದ್ದರೆ ಸರಿಯಾಗುತ್ತಿತ್ತು.

ಎಣಿಸುವ ಕೆಲಸವೂ ಸುಲಭದ್ದಲ್ಲ. 2024ರ ಏಪ್ರಿಲಿನಲ್ಲಿ ನ್ಯೂಜಿಲೆಂಡ್ ವಿದ್ಯುತ್ ಕಾರುಗಳ ಮೇಲೆ ಇಂಥದೇ ತೆರಿಗೆಯನ್ನು, ಸಾವಿರ ಕಿಲೋಮೀಟರಿಗೆ 76 ಡಾಲರಿನಂತೆ, ವಿಧಿಸಿದಾಗ, ಕಾರಿನವರು ಸಾವಿರ ಸಾವಿರ ಕಿಲೋಮೀಟರುಗಳನ್ನು ಮುಂಗಡವಾಗಿ ಕೊಂಡು ಚೀಟಿಯನ್ನು ಗಾಜಿಗೆ ಅಂಟಿಸಿಕೊಳ್ಳಬೇಕಾಯಿತು. ಬ್ರಿಟನ್ನಿನ ಯೋಜನೆ ಬೇರೆ. ವರ್ಷಕ್ಕೆ ಎಷ್ಟು ಮೈಲಿ ಓಡಿಸಬಹುದೆಂದು ಒಡೆಯನೇ ಅಂದಾಜು ಹೇಳಿ ಹಣ ಕಟ್ಟಬೇಕು. ವಾಹನದ ವಾರ್ಷಿಕ ತಪಾಸಣೆಯಲ್ಲಿ ಮೀಟರನ್ನು ನೋಡಿ ಹೆಚ್ಚು ಕಡಮೆಯನ್ನು ಸರಿದೂಗಿಸುತ್ತಾರೆ. ಕಾರು ಎಲ್ಲಿಗೆ ಹೋಯಿತು, ಯಾವಾಗ ಹೋಯಿತು ಎಂದು ಕೇಳುವುದಿಲ್ಲವೆಂಬ ಆಶ್ವಾಸನೆಯೂ ಉಂಟು. ಈ ಔದಾರ್ಯದ ಇನ್ನೊಂದು ಮುಖವೆಂದರೆ, ಬೇಸಗೆಯ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಕಡಲುಗಾಲುವೆ ದಾಟಿ ಫ್ರಾನ್ಸಿನಲ್ಲಿ ಓಡಿಸಿದ ಮೈಲಿಗಳೂ ಮೀಟರಿನಲ್ಲಿ ಕೂಡಿಕೊಳ್ಳುತ್ತವೆ. ಆ ರಸ್ತೆಗಳು ಬ್ರಿಟಿಷ್ ಸರ್ಕಾರದವಲ್ಲದಿದ್ದರೂ ಅವಕ್ಕೂ 3 ಪೆನ್ನಿಯ ಲೆಕ್ಕವೇ.