ನಗದು ಬೆಲೆಯನ್ನೂ ಬರೆಸಿ

ಭಾರತೀಯ ರಿಸರ್ವ್ ಬ್ಯಾಂಕಿನ ಗವರ್ನರ್ ಅವರಿಗೆ,

ಮಾನ್ಯರೇ,

ಪೂರ್ತಿ ಹಣ ಕೊಟ್ಟು ಟಿವಿ ತರುವುದೋ, ಕಂತಿನಲ್ಲಿ ತರುವುದೋ ಎಂಬ ಮಾತು ದಸರಾ, ದೀಪಾವಳಿಯ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ಏಳುತ್ತದೆ. ಲೆಕ್ಕ ಹಾಕಿ ತೀರ್ಮಾನಿಸಬಹುದಾದ ವಿಷಯವೇ ಇದು. ಆದರೆ ಆ ಲೆಕ್ಕಕ್ಕೆ ಬೇಕಾದ ಮುಖ್ಯ ಅಂಕಿಯೇ ಗ್ರಾಹಕರಿಗೆ ಸಿಗುವುದಿಲ್ಲ: ಒಮ್ಮೆಗೇ ಹಣ ಎಣಿಸಿದರೆ ಅಂಗಡಿಯವರು ಎಷ್ಟು ಬಿಡುತ್ತಾರೆ ಎಂಬುದು. ‘ನೋ ಕಾಸ್ಟ್ ಇಎಂಐ’ ಎಂಬ ಫಲಕದ ಹಿಂದೆ ಆ ರಿಯಾಯಿತಿ ಅಡಗಿಬಿಡುತ್ತದೆ. ಅದನ್ನು ಬರೆದು ತೋರಿಸುವುದನ್ನು ಕಡ್ಡಾಯ ಮಾಡಿ ಎಂದು ಕೇಳಲು ಈ ಪತ್ರ.

30,000 ರೂಪಾಯಿಯ ಟಿವಿಯೊಂದನ್ನು ಇಟ್ಟುಕೊಳ್ಳಿ. ತಿಂಗಳಿಗೆ 3,000ದಂತೆ ಹತ್ತು ಕಂತು, ಬಡ್ಡಿ ಸೊನ್ನೆ. ಎರಡು ಕಂತು ಮುಂಗಡ. ಅದೇ ಟಿವಿಗೆ ನಗದು ಕೊಟ್ಟರೆ 28,000 ಸಾಕು ಎನ್ನೋಣ. ಮುಂಗಡದ 6,000 ಕಳೆದರೆ ಗ್ರಾಹಕರಿಗೆ ನಿಜವಾಗಿ ಸಿಕ್ಕ ಸಾಲ 22,000. ತೀರಿಸುವುದು 24,000, ಎಂಟೇ ತಿಂಗಳಲ್ಲಿ. ವರ್ಷಕ್ಕೆ ಶೇ. 24ರ ಹತ್ತಿರದ ಬಡ್ಡಿಯಾಯಿತು. ಇದರ ಮೇಲೆ 500 ರೂಪಾಯಿ ಪ್ರೊಸೆಸಿಂಗ್ ಶುಲ್ಕ, ಅದಕ್ಕೆ ಶೇ. 18 ಜಿಎಸ್‌ಟಿ ಸೇರಿದರೆ ಬಡ್ಡಿ ಶೇ. 31 ದಾಟುತ್ತದೆ. ಸೊನ್ನೆ ಎಂದು ಬರೆದ ಕಡೆ ಮೂವತ್ತೊಂದು! ಕಂತು ಚಿಕ್ಕದಾಗಿ, ಅವಧಿ ಮೊಟಕಾಗಿ ಇರುವುದರಿಂದಲೇ ಇದು ಕಣ್ಣಿಗೆ ಬೀಳುವುದಿಲ್ಲ.

ನಿಮ್ಮ ಬ್ಯಾಂಕಿಗೆ ಇದು ಹೊಸ ವಿಷಯವಲ್ಲ. ಸೊನ್ನೆ ಬಡ್ಡಿ ಎಂಬುದೇ ಇಲ್ಲ ಎಂದು 2013ರ ಸೆಪ್ಟೆಂಬರ್‌ನ ಸುತ್ತೋಲೆ ಬ್ಯಾಂಕುಗಳಿಗೆ ಹೇಳಿತ್ತು. ವಸ್ತುವಿಗೆ ರಿಯಾಯಿತಿ ಇದ್ದರೆ ಬಡ್ಡಿ ಇಳಿಸಿ ತೋರಿಸುವುದಲ್ಲ, ಅದನ್ನು ಕಳೆದು ಉಳಿದ ಮೊತ್ತಕ್ಕೆ ಸಾಲ ಕೊಡಬೇಕು ಎಂದೂ ಹೇಳಿತ್ತು. ಇದಕ್ಕಿಂತ ನ್ಯಾಯವಾದ ಸೂತ್ರ ನನಗೆ ಕಾಣುವುದಿಲ್ಲ. 2024ರ ಅಕ್ಟೋಬರ್ 1ರಿಂದ ಸಾಲದ ಮುಖ್ಯಾಂಶಗಳ ಪತ್ರ ಕೊಡುವುದೂ, ಅದರಲ್ಲಿ ವಾರ್ಷಿಕ ಶೇಕಡಾವಾರು ದರ ನಮೂದಿಸುವುದೂ ಕಡ್ಡಾಯವಾಯಿತು. ಒಳ್ಳೆಯ ಹೆಜ್ಜೆಯೇ. ಆದರೆ ಆ ದರ ಸಾಲದ ಕಾಗದದ ಮೇಲಿನ 30,000ವನ್ನೇ ನಂಬಿ ಹೊರಡುತ್ತದೆ. ಕೈತಪ್ಪಿದ 2,000ದ ರಿಯಾಯಿತಿ ಅದರ ಲೆಕ್ಕಕ್ಕೆ ಬರುವುದೇ ಇಲ್ಲ. ಕ್ರೆಡಿಟ್ ಕಾರ್ಡಿನ ಬಾಕಿಗಂತೂ ಆ ನಿಯಮದಿಂದ ವಿನಾಯಿತಿ ಇದೆ.

ಬಡ್ಡಿಯ ದರ ಯಾರು ನೋಡುತ್ತಾರೆ, ತಿಂಗಳಿಗೆ ಎಷ್ಟು ಎಂದಷ್ಟೇ ಜನ ಕೇಳುತ್ತಾರೆ ಎನ್ನುವವರಿದ್ದಾರೆ. ಅದು ದಿಟ. ಹಾಗಾಗಿಯೇ ನಾನು ಕೇಳುತ್ತಿರುವುದು ಇನ್ನೊಂದು ಶೇಕಡಾವಾರು ಅಲ್ಲ, ರೂಪಾಯಿ: ‘ನಗದಿಗೆ 28,000, ಕಂತಿಗೆ ಶುಲ್ಕ ಸೇರಿ 30,590’. ಇಷ್ಟು ಬರೆದಿದ್ದರೆ, ಆರು ತಿಂಗಳು ಚೀಟಿ ಕಟ್ಟಿ ಆಮೇಲೆ ಕೊಳ್ಳೋಣವೇ ಎಂದು ಮನೆಯವರು ಕೂತು ಮಾತಾಡಬಹುದು.

ಬಿಗಿ ಮಾಡಿದರೆ ಕೈಯಲ್ಲಿ ಹಣವಿಲ್ಲದವರಿಗೆ ಟಿವಿಯೇ ಸಿಗದು ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಉದಾಹರಣೆಗೆ, ಕಂತು ತೀರುವವರೆಗೆ ವಸ್ತು ಅಂಗಡಿಯದ್ದೇ ಆಗಿರುವ ಬಾಡಿಗೆ ಖರೀದಿಗೆ ಬ್ರಿಟನ್ 2019ರ ಏಪ್ರಿಲ್‌ನಲ್ಲಿ ಮಿತಿ ಹಾಕಿತು. ಸಾಲದ ವೆಚ್ಚ ವಸ್ತುವಿನ ಬೆಲೆಯನ್ನು ಮೀರಬಾರದು ಎಂದಿತು. ಅಲ್ಲಿನ ಈ ವ್ಯಾಪಾರದ ದೊಡ್ಡ ಕಂಪನಿ ಬ್ರೈಟ್‌ಹೌಸ್ ಮರುವರ್ಷವೇ ಕುಸಿಯಿತು. ಅದಕ್ಕೆ ಬೇರೆ ಕಾರಣಗಳೂ ಇದ್ದವು, ಆದರೂ ಈ ಆತಂಕವನ್ನು ತಳ್ಳಿಹಾಕಲಾರೆ. ಬಡವರ ಮನೆಗೆ ಟಿವಿ ಆಡಂಬರ ಎಂಬ ಮಾತನ್ನೂ ನಾನು ಒಪ್ಪುವವನಲ್ಲ. ನನ್ನ ಬೇಡಿಕೆಯಲ್ಲಿ ಬಡ್ಡಿಗೆ ಮಿತಿಯಿಲ್ಲ, ಕಂತಿಗೆ ನಿಷೇಧವಿಲ್ಲ. ಕಂತೇ ಅನುಕೂಲ ಎನ್ನುವವರು ಅದರ ಬೆಲೆ ತಿಳಿದು ತೆಗೆದುಕೊಳ್ಳಲಿ.

ಅಂಗಡಿಗಳು ನಿಮ್ಮ ಅಧಿಕಾರಕ್ಕೆ ಒಳಪಡುವುದಿಲ್ಲ, ಸರಿ. ಆದರೆ ಅಲ್ಲಿ ಮೇಜು ಹಾಕಿಕೊಂಡು ಸಾಲ ಕೊಡುವ ಬ್ಯಾಂಕುಗಳೂ ಹಣಕಾಸು ಸಂಸ್ಥೆಗಳೂ ಒಳಪಡುತ್ತವೆ. ನಗದು ಬೆಲೆಯನ್ನು ಬಿಲ್ಲಿನಲ್ಲಿ ನಮೂದಿಸದ ಅಂಗಡಿಯ ಮೂಲಕ ಸಾಲ ಕೊಡಬೇಡಿ ಎಂದು ಅವುಗಳಿಗೆ ನೀವು ಹೇಳಬಹುದು. 2013ರ ಸೂತ್ರವನ್ನು ಬ್ಯಾಂಕೇತರ ಸಂಸ್ಥೆಗಳಿಗೂ, ಕಾರ್ಡಿನ ಕಂತುಗಳಿಗೂ ಸಂಶಯಕ್ಕೆ ಎಡೆಯಿಲ್ಲದಂತೆ ಅನ್ವಯಿಸಬಹುದು. ಮುಂದಿನ ಹಬ್ಬದ ಮಾರಾಟ ಶುರುವಾಗುವ ಮೊದಲೇ ಈ ಆದೇಶ ಹೊರಬೀಳಲಿ ಎಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಗ್ರಾಹಕ