ತೋಟದ ವಸ್ತಿಯೂ ಮಾಳದ ತೋಳವೂ

ಬೇಸಿಗೆ ರಜೆ ಬಂತೆಂದರೆ ಪೇಟೆಯ ಮಕ್ಕಳನ್ನು ಕಟ್ಟಿಕೊಂಡು ತೋಟದ ವಸ್ತಿಗೆ ಹೊರಡುವುದು ಸೊಲ್ಲಾಪುರ, ಅಕ್ಕಲಕೋಟ, ಜತ್ತ ಸೀಮೆಯ ನಮ್ಮ ಎಷ್ಟೋ ಮನೆತನಗಳ ರೂಢಿ. ರಾತ್ರಿ ಅಂಗಳದಲ್ಲೇ ಹಾಸಿಗೆ. ಸುತ್ತಲಿನ ಹುಲ್ಲುಮಾಳ ತೋಳದ ಮನೆ ಎಂಬುದು ಮಾತ್ರ ಮರೆತಿರುತ್ತದೆ. ಸೊಲ್ಲಾಪುರದ ಹತ್ತಿರದ ನಾನ್ನಜ ಅಭಯಾರಣ್ಯ 1979ರಲ್ಲಿ ಮಾಳಢೋಕ ಹಕ್ಕಿಗೆಂದು ಆದದ್ದು. ಅಲ್ಲಿ ತೋಳಗಳೂ ಇವೆ.

ಹೆದರುವಂಥದ್ದೇನಿಲ್ಲ. ಚಿಗರಿ, ಮೊಲ, ಕುರಿ, ಆಡು ಅದರ ಆಹಾರ. ಮನುಷ್ಯನನ್ನು ಕಂಡರೆ ದೂರ ಸರಿಯುವುದೇ ಅದರ ಸ್ವಭಾವ. ಆದರೆ ಉತ್ತರ ಪ್ರದೇಶದಲ್ಲಿ 1996ರಲ್ಲಿ, ಮತ್ತೆ 2024ರಲ್ಲಿ ಬಹರಾಯಿಚ್ ಜಿಲ್ಲೆಯಲ್ಲಿ ತೋಳಗಳು ಮಕ್ಕಳನ್ನು ಹೊತ್ತೊಯ್ದದ್ದೂ ನಿಜ. ಹೆಚ್ಚಾಗಿ ಬಲಿಯಾದವರು ಬಡವರ ಮಕ್ಕಳು: ಬಾಗಿಲಿಲ್ಲದ ಗುಡಿಸಿಲಲ್ಲಿ, ಬಯಲಲ್ಲಿ ಮಲಗಿದವರು, ಸಂಜೆಗತ್ತಲಲ್ಲಿ ಒಂಟಿಯಾಗಿದ್ದವರು. 1996ರಲ್ಲಿ ಆ ಹಳ್ಳಿಗಳಲ್ಲಿ ಆಡುಕುರಿಗಳಿಗಿದ್ದ ಕಾವಲು ಮಕ್ಕಳಿಗಿರಲಿಲ್ಲ.

ಇಲ್ಲೊಂದು ಮಾತು ಹೇಳಲೇಬೇಕು. ನಾವು ವಸ್ತಿಗೆ ಹೋಗುವುದು ವರ್ಷಕ್ಕೆ ನಾಲ್ಕು ದಿನ. ವರ್ಷವಿಡೀ ಅಲ್ಲಿರುವುದು ಕಾವಲಿನವನ ಸಂಸಾರ. ಮಾಲಿನ ಗೋದಾಮಿಗೆ ಕಬ್ಬಿಣದ ಬಾಗಿಲು, ಅವನ ಗುಡಿಸಿಲಿಗೆ ಗೋಣಿತಟ್ಟಿನ ಪರದೆ! ಈ ಬೇಸಿಗೆಯೊಳಗೆ ಅದಕ್ಕೊಂದು ಗಟ್ಟಿ ಬಾಗಿಲು, ಅಂಗಳಕ್ಕೊಂದು ದೀಪ ಮಾಡಿಸಿಕೊಡಿ. ಖರ್ಚು ದೊಡ್ಡದಲ್ಲ.

ತಾಯಂದಿರು ಗಮನಿಸಬೇಕಾದದ್ದು ಇಷ್ಟು. ಚಿಕ್ಕ ಮಕ್ಕಳು ಒಳಗೇ ಮಲಗಲಿ. ಕತ್ತಲಾದ ಮೇಲೆ ಬಯಲಕಡೆಗೆ ಒಂಟಿಯಾಗಿ ಕಳಿಸಬೇಡಿ. ದೊಡ್ಡವರೊಬ್ಬರು ಬ್ಯಾಟರಿ, ಕೋಲು ಹಿಡಿದು ಜೊತೆಗಿರಲಿ. ಉಳಿದ ಅನ್ನ, ರೊಟ್ಟಿ ಅಂಗಳದಾಚೆ ಚೆಲ್ಲಬೇಡಿ. ಅದಕ್ಕೆ ನಾಯಿ ಬರುತ್ತದೆ, ನಾಯಿಯ ಹಿಂದೆ ತೋಳ. ಗುದ್ದಿನಲ್ಲಿ ಮರಿ ಕಂಡರೆ ಮುಟ್ಟದೆ ಮರಳಿ ಬರಲಿ. ಎದುರಾದರೆ ಓಡಬಾರದು, ಬೆನ್ನು ತೋರಿಸಬಾರದು. ಮಗುವನ್ನು ಎತ್ತಿಕೊಂಡು, ಕೂಗುತ್ತ, ಟವೆಲ್ ಬೀಸುತ್ತ ನಿಧಾನ ಹಿಂದೆ ಸರಿಯಿರಿ.

ಕಚ್ಚಿದರೆ, ಪರಚಿದರೂ ಸರಿ, ನಲ್ಲಿ ನೀರು, ಸಾಬೂನಿನಿಂದ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ. ಅರಿಸಿಣ, ಸುಣ್ಣ, ಖಾರದಪುಡಿ ಬೇಡ. ರೇಬೀಸ್ ಲಕ್ಷಣ ಕಂಡ ಮೇಲೆ ಔಷಧವಿಲ್ಲ; ಚುಚ್ಚುಮದ್ದಿನ ಜೊತೆ ಗಾಯಕ್ಕೆ ಸೀರಮ್ ಬೇಕೇ ಎಂದು ವೈದ್ಯರನ್ನು ಕೇಳಿ.

ಆಡು ಹೋಯಿತೆಂದು ಕಳೇಬರಕ್ಕೆ ವಿಷ ಬೆರೆಸುವ ಮಾತು ಆಳುಗಳಿಂದ ಬಂದರೆ ತಡೆಯಿರಿ. 1972ರ ವನ್ಯಜೀವಿ ಕಾಯಿದೆಯಲ್ಲಿ ತೋಳ ಮೊದಲನೆಯ ಅನುಸೂಚಿಯ ಪ್ರಾಣಿ. ಕಳೇಬರ ಸರಿಸದೆ ಅರಣ್ಯ ಇಲಾಖೆಗೆ ತಿಳಿಸಿದರೆ ಪರಿಹಾರ ಸಿಗುವ ವ್ಯವಸ್ಥೆಯಿದೆ. ಅರ್ಜಿ ಬರೆದುಕೊಡುವುದು ಕಾವಲಿನವನಿಗೆ ಕಷ್ಟ, ನಮಗೆ ಕಷ್ಟವಲ್ಲ.